ಗಾಳಿಯಿಂದ ವಿದ್ಯುತ್ತು: ಲಾಭವೆಷ್ಟು, ನಷ್ಟವೆಷ್ಟು?



ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರ, ಶಿವನಿ ದಾಟಿ ಹೊಸದುರ್ಗದ ಕಡೆಗೆ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿದ್ದೀರಾ? ದೂರದಲ್ಲಿ ಎತ್ತರವಾದ ಬಿಳಿ ಕಂಬಗಳು ಕಾಣುತ್ತವೆ. ಒಂದೊಂದು ಕಂಬದ ತುದಿಯಲ್ಲೂ ಮೂರು ಉದ್ದನೆಯ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿರುತ್ತವೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಯಲು ನಾಡಿನ ಮಕ್ಕಳಿಗೆ ಇವು ಹೊಸದಲ್ಲ. ಊರಿನಲ್ಲಿ ಎಲ್ಲರೂ ಇವನ್ನು 'ಫ್ಯಾನು' ಎಂದೇ ಕರೆಯುತ್ತಾರೆ.

ಆದರೆ ಇವು ನಿಜಕ್ಕೂ ಫ್ಯಾನುಗಳೇ? ಯೋಚಿಸಿ. ನಿಮ್ಮ ಶಾಲೆಯ ಕೊಠಡಿಯಲ್ಲಿರುವ ಫ್ಯಾನು ಕರೆಂಟು ತೆಗೆದುಕೊಂಡು ಗಾಳಿ ಕೊಡುತ್ತದೆ. ಹೊಲದಲ್ಲಿ ನಿಂತಿರುವ ಈ ಯಂತ್ರ ಗಾಳಿ ತೆಗೆದುಕೊಂಡು ಕರೆಂಟು ಕೊಡುತ್ತದೆ. ಒಂದು ಇನ್ನೊಂದರ ತಿರುವುಮುರುವು. ಆದ್ದರಿಂದ ಇದನ್ನು ಗಾಳಿಯಂತ್ರ ಎನ್ನೋಣ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ? ಇದರಿಂದ ನಮಗೇನು ಲಾಭ? ನಷ್ಟವೂ ಇದೆಯೇ? ಬನ್ನಿ, ಒಂದೊಂದಾಗಿ ತಿಳಿಯೋಣ.

ಕಣದಲ್ಲಿ ಕಲಿತ ಪಾಠ

ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಗಿ ತೂರುವುದನ್ನು ನೋಡಿರುತ್ತೀರಿ. ಮೊರದಲ್ಲಿ ರಾಗಿ ತುಂಬಿ ಎತ್ತರಕ್ಕೆ ಹಿಡಿದು ನಿಧಾನವಾಗಿ ಸುರಿಯುತ್ತಾರೆ. ಭಾರವಾದ ಕಾಳು ಕಾಲ ಬುಡದಲ್ಲಿ ಬೀಳುತ್ತದೆ. ಹಗುರವಾದ ಹೊಟ್ಟು ದೂರ ಹಾರಿಹೋಗುತ್ತದೆ. ಹೊಟ್ಟನ್ನು ಹಾರಿಸಿದ್ದು ಯಾರು? ಗಾಳಿ. ಅಂದರೆ ಚಲಿಸುವ ಗಾಳಿಗೆ ಕೆಲಸ ಮಾಡುವ ಶಕ್ತಿ ಇದೆ. ಇದನ್ನು ಚಲನ ಶಕ್ತಿ ಎನ್ನುತ್ತಾರೆ.

ಗಾಳಿ ಬೀಸದಿದ್ದರೆ ಏನು ಮಾಡುತ್ತಾರೆ? ಮೊರ ಕೆಳಗಿಟ್ಟು ಕಾಯುತ್ತಾರೆ. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಹುಟ್ಟಿದ್ದೇ ಹೀಗೆ. ಈ ಗಾದೆಯನ್ನು ನೆನಪಿನಲ್ಲಿಡಿ. ಗಾಳಿ ವಿದ್ಯುತ್ತಿನ ಗುಣವೂ ದೋಷವೂ ಇದರಲ್ಲೇ ಅಡಗಿದೆ.

ನಮ್ಮ ಬಯಲಿಗೆ ಗಾಳಿ ಎಲ್ಲಿಂದ ಬರುತ್ತದೆ?

ಬೇಸಿಗೆಯಲ್ಲಿ ಸೂರ್ಯನ ಶಾಖದಿಂದ ನೆಲ ಬೇಗ ಕಾಯುತ್ತದೆ. ಸಮುದ್ರದ ನೀರು ಅಷ್ಟು ಬೇಗ ಕಾಯುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ಜಾಗಕ್ಕೆ ಸಮುದ್ರದ ಕಡೆಯ ತಂಪು ಗಾಳಿ ನುಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಮೇಲಿಂದ ಬೀಸುವ ನೈಋತ್ಯ ಮಾರುತ ಬರುವುದು ಹೀಗೆ. ಎಂದರೆ ಗಾಳಿಯ ಶಕ್ತಿಯೂ ಮೂಲದಲ್ಲಿ ಸೂರ್ಯನ ಶಕ್ತಿಯೇ.

ಈ ಮಾರುತ ಪಶ್ಚಿಮ ಘಟ್ಟವನ್ನೂ ಬಾಬಾಬುಡನ್ ಗಿರಿಗಳನ್ನೂ ಹತ್ತುವಾಗ ತನ್ನಲ್ಲಿರುವ ನೀರನ್ನು ಬಹುಪಾಲು ಅಲ್ಲೇ ಸುರಿಸಿಬಿಡುತ್ತದೆ. ಗಿರಿಗಳ ಆಚೆ ಇರುವ ಕಡೂರಿನ ಬಯಲಿಗೆ ಬರುವ ವೇಳೆಗೆ ಮಳೆ ಕಡಿಮೆಯಾಗಿರುತ್ತದೆ. ಗಾಳಿ ಮಾತ್ರ ಉಳಿದಿರುತ್ತದೆ. ಆದ್ದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿದರೆ, ಕಡೂರಿನಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್. ಇಂಥ ಜಾಗವನ್ನು ಮಳೆಯ ನೆರಳಿನ ಪ್ರದೇಶ ಎನ್ನುತ್ತಾರೆ. ಮರಗಳು ವಿರಳವಾಗಿರುವ ಬಯಲಿನಲ್ಲಿ ಗಾಳಿಗೆ ಅಡ್ಡಿ ಕಡಿಮೆ. ಆಷಾಢದಲ್ಲಿ ನೀವು ಗಾಳಿಪಟ ಹಾರಿಸುವುದು ಈ ಗಾಳಿಗೇ!

ಯಂತ್ರದ ಒಳಗೆ ಏನಿದೆ?

ಕಂಬ: ನೆಲದ ಹತ್ತಿರ ಮರ, ಮನೆ, ದಿಬ್ಬಗಳು ಗಾಳಿಯನ್ನು ತಡೆಯುತ್ತವೆ. ಮೇಲೆ ಹೋದಂತೆ ಗಾಳಿ ಜೋರಾಗುತ್ತದೆ. ಅದಕ್ಕಾಗಿಯೇ ಈಗಿನ ಯಂತ್ರಗಳ ಕಂಬ 80 ಮೀಟರಿನಿಂದ 140 ಮೀಟರಿನಷ್ಟು ಎತ್ತರ ಇರುತ್ತದೆ.

ರೆಕ್ಕೆಗಳು: ಇವು ಗಾಜಿನ ನಾರು ಮತ್ತು ಅಂಟು ಸೇರಿಸಿ ಮಾಡಿದವು. ಹಗುರ, ಆದರೆ ಗಟ್ಟಿ. ಒಂದು ಬದಿ ಉಬ್ಬಿ, ಇನ್ನೊಂದು ಬದಿ ಚಪ್ಪಟೆಯಾಗಿರುವ ಇವುಗಳ ಆಕಾರ ವಿಮಾನದ ರೆಕ್ಕೆಯಂತೆ ಇರುತ್ತದೆ. ಗಾಳಿ ಹಾದುಹೋದಾಗ ಎರಡು ಬದಿಗಳ ಒತ್ತಡದಲ್ಲಿ ವ್ಯತ್ಯಾಸವಾಗಿ ರೆಕ್ಕೆ ತಿರುಗುತ್ತದೆ.

ಪೆಟ್ಟಿಗೆ: ಕಂಬದ ತುದಿಯಲ್ಲಿ ರೆಕ್ಕೆಗಳ ಹಿಂದೆ ಬಸ್ಸಿನಷ್ಟು ದೊಡ್ಡ ಪೆಟ್ಟಿಗೆ ಇದೆ. ರೆಕ್ಕೆಗಳು ನಿಮಿಷಕ್ಕೆ 10ರಿಂದ 20 ಸುತ್ತು ಮಾತ್ರ ತಿರುಗುತ್ತವೆ. ಪೆಟ್ಟಿಗೆಯೊಳಗಿನ ಗೇರುಗಳು ಇದನ್ನು ನಿಮಿಷಕ್ಕೆ 1,000 ಸುತ್ತಿಗೂ ಹೆಚ್ಚು ಮಾಡುತ್ತವೆ. ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಎರಡು ಮೂರು ಸುತ್ತು ತಿರುಗುತ್ತದಲ್ಲ, ಹಾಗೆ. ಕೆಲವು ಯಂತ್ರಗಳಲ್ಲಿ ಗೇರು ಇರುವುದಿಲ್ಲ.

ಜನರೇಟರ್: ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ? ಚಕ್ರ ತಿರುಗಿದಾಗ ದೀಪ ಉರಿಯುತ್ತದೆ. ಆಯಸ್ಕಾಂತದ ಬಳಿ ತಾಮ್ರದ ಸುರುಳಿ ತಿರುಗಿದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿ 1831ರಲ್ಲಿ ಕಂಡುಹಿಡಿದರು. ಗಾಳಿಯಂತ್ರದ ಜನರೇಟರ್ ಎಂದರೆ ಒಂದು ಭಾರೀ ಡೈನಮೋ.

ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ, ಎಷ್ಟು ವೇಗವಾಗಿದೆ ಎಂದು ಅಳೆಯುವ ಸಣ್ಣ ಉಪಕರಣಗಳು ಪೆಟ್ಟಿಗೆಯ ಮೇಲಿವೆ. ಅವು ಹೇಳಿದಂತೆ ಇಡೀ ಪೆಟ್ಟಿಗೆಯೇ ಗಾಳಿಗೆ ಮುಖ ಮಾಡಿ ತಿರುಗುತ್ತದೆ. ಗಾಳಿ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಬೀಸಿದರೆ ಯಂತ್ರ ವಿದ್ಯುತ್ತು ಕೊಡಲು ಆರಂಭಿಸುತ್ತದೆ. ವೇಗ 25 ಮೀಟರ್ ಮುಟ್ಟುವಂಥ ಬಿರುಗಾಳಿ ಬಂದರೆ ಮುರಿಯದಿರಲೆಂದು ತಾನಾಗಿಯೇ ನಿಂತುಬಿಡುತ್ತದೆ. ಹೀಗೆ ತಯಾರಾದ ವಿದ್ಯುತ್ತು ಟ್ರಾನ್ಸ್‌ಫಾರ್ಮರ್ ಮೂಲಕ ಹಾದು, ತಂತಿಗಳಲ್ಲಿ ಉಪಕೇಂದ್ರ ಸೇರಿ, ಅಲ್ಲಿಂದ ನಾಡಿನ ವಿದ್ಯುತ್ ಜಾಲಕ್ಕೆ ಕೂಡಿಕೊಳ್ಳುತ್ತದೆ.

ವೇಗ ಎರಡು ಪಟ್ಟು, ಶಕ್ತಿ ಎಂಟು ಪಟ್ಟು!

ಇಲ್ಲೊಂದು ಸ್ವಾರಸ್ಯದ ಲೆಕ್ಕವಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ಸಿಗುವ ಶಕ್ತಿಯೂ ಎರಡು ಪಟ್ಟಾಗುತ್ತದೆ ಎಂದುಕೊಂಡಿರಾ? ಇಲ್ಲ, ಎಂಟು ಪಟ್ಟಾಗುತ್ತದೆ! ವೇಗ ಎರಡು ಪಟ್ಟಾದಾಗ ಪ್ರತಿ ಕಿಲೋಗ್ರಾಂ ಗಾಳಿಯ ಚಲನ ಶಕ್ತಿ 2 x 2 = 4 ಪಟ್ಟಾಗುತ್ತದೆ. ಜೊತೆಗೆ ಒಂದು ಸೆಕೆಂಡಿನಲ್ಲಿ ರೆಕ್ಕೆಗಳನ್ನು ದಾಟುವ ಗಾಳಿಯೂ ಎರಡು ಪಟ್ಟಾಗುತ್ತದೆ. 4 x 2 = 8.

ರೆಕ್ಕೆ ದೊಡ್ಡದಾದಷ್ಟೂ ಹೆಚ್ಚು ಗಾಳಿ ಸಿಗುತ್ತದೆ. 50 ಮೀಟರ್ ಉದ್ದದ ರೆಕ್ಕೆಗಳು ತಿರುಗಿದಾಗ ಆಗುವ ವೃತ್ತದ ವಿಸ್ತೀರ್ಣ 3.14 x 50 x 50 = 7,850 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ 2 ಎಕರೆ ಹೊಲವನ್ನು ಆಕಾಶದಲ್ಲಿ ನೆಟ್ಟಗೆ ನಿಲ್ಲಿಸಿದಂತೆ! ಗಾಳಿ ಸೆಕೆಂಡಿಗೆ 8 ಮೀಟರ್ ಬೀಸುತ್ತಿದ್ದರೆ ಈ ವೃತ್ತದೊಳಗೆ ಪ್ರತಿ ಸೆಕೆಂಡಿಗೆ ಸುಮಾರು 69 ಟನ್ ಗಾಳಿ ಹಾದುಹೋಗುತ್ತದೆ. 10 ಟನ್ ಹೊತ್ತ ಏಳು ಲಾರಿಗಳ ಹೊರೆಯಷ್ಟು. ಗಾಳಿಗೆ ತೂಕವೇ ಇಲ್ಲ ಎಂದುಕೊಂಡಿದ್ದಿರಾ?

ಈ ಶಕ್ತಿಯನ್ನೆಲ್ಲ ಹಿಡಿಯಲು ಆಗುವುದಿಲ್ಲ. ಎಲ್ಲವನ್ನೂ ಕಿತ್ತುಕೊಂಡರೆ ಗಾಳಿ ರೆಕ್ಕೆಯ ಹಿಂದೆಯೇ ನಿಂತುಬಿಡುತ್ತದೆ. ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಎಂಥ ಒಳ್ಳೆಯ ಯಂತ್ರವಾದರೂ 100ರಲ್ಲಿ 59 ಪಾಲಿಗಿಂತ ಹೆಚ್ಚು ಪಡೆಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಶತಮಾನದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು.

ಒಬ್ಬ ಮೇಷ್ಟರ ಕಥೆ

ಗಾಳಿಯಿಂದ ಹಿಟ್ಟು ಬೀಸುವುದು, ನೀರೆತ್ತುವುದು ಬಹಳ ಹಳೆಯ ವಿದ್ಯೆ. ಸಾವಿರ ವರ್ಷಕ್ಕೂ ಹಿಂದೆ ಪರ್ಷಿಯಾದಲ್ಲಿ ಗಾಳಿಗಿರಣಿಗಳಿದ್ದವು. ವಿದ್ಯುತ್ತು ಪಡೆಯುವ ಪ್ರಯತ್ನ ಶುರುವಾದದ್ದು 1880ರ ದಶಕದಲ್ಲಿ. ಡೆನ್ಮಾರ್ಕ್ ದೇಶದ ಆಸ್ಕೋವ್ ಎಂಬ ಹಳ್ಳಿಯ ಶಾಲೆಯಲ್ಲಿ ಪಾಲ್ ಲಾ ಕೂರ್ ಎಂಬ ಮೇಷ್ಟರಿದ್ದರು. ಅವರು 1891ರಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ತು ಪಡೆದರು. ಆಗ ಅವರಿಗೆ ಎದುರಾದದ್ದು ನಮ್ಮ ಕಣದ ಪ್ರಶ್ನೆಯೇ. ಗಾಳಿ ನಿಂತಾಗ ದೀಪ ಉರಿಯುವುದು ಹೇಗೆ? ಗಾಳಿ ಇದ್ದಾಗ ಬಂದ ವಿದ್ಯುತ್ತನ್ನು ನೀರಿನಲ್ಲಿ ಹಾಯಿಸಿ, ನೀರನ್ನು ಜಲಜನಕ ಮತ್ತು ಆಮ್ಲಜನಕವಾಗಿ ಒಡೆದು, ಜಲಜನಕವನ್ನು ತೊಟ್ಟಿಯಲ್ಲಿ ಕೂಡಿಟ್ಟರು. ಬೇಕಾದಾಗ ಆ ಅನಿಲವನ್ನು ಉರಿಸಿ ಶಾಲೆಗೆ ಬೆಳಕು ಕೊಟ್ಟರು.

ಭಾರತದಲ್ಲಿ ಮೊದಲ ಗಾಳಿ ವಿದ್ಯುತ್ ಕೇಂದ್ರಗಳು 1986ರಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ತಮಿಳುನಾಡಿನ ಕರಾವಳಿಯಲ್ಲಿ ಆರಂಭವಾದವು. ನಮ್ಮ ರಾಜ್ಯದಲ್ಲಿ ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿಯಂಥ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. 2025ರ ಮಾರ್ಚ್ ವೇಳೆಗೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 50,000 ಮೆಗಾವಾಟ್ ದಾಟಿತು. 2024-25ನೇ ಸಾಲಿನಲ್ಲಿ ಎಲ್ಲ ರಾಜ್ಯಗಳಿಗಿಂತ ಹೆಚ್ಚು, ಅಂದರೆ ಸುಮಾರು 1,331 ಮೆಗಾವಾಟ್ ಹೊಸದಾಗಿ ಸೇರಿಸಿದ್ದು ಕರ್ನಾಟಕ.

ಲಾಭಗಳು

2 ಮೆಗಾವಾಟಿನ ಒಂದು ಯಂತ್ರವನ್ನು ತೆಗೆದುಕೊಳ್ಳೋಣ. ವರ್ಷವಿಡೀ ಬಿಡುವಿಲ್ಲದೆ ಪೂರ್ಣ ಶಕ್ತಿಯಲ್ಲಿ ಓಡಿದರೆ ಅದು 2,000 x 24 x 365 = 1,75,20,000 ಯೂನಿಟ್ ಕೊಡಬೇಕು. ಆದರೆ ಗಾಳಿ ಸದಾ ಬೀಸುವುದಿಲ್ಲ. ಕಾಲು ಭಾಗ ಸಿಕ್ಕಿತು ಎಂದಿಟ್ಟುಕೊಂಡರೂ 43,80,000 ಯೂನಿಟ್ ಆಯಿತು. ತಿಂಗಳಿಗೆ 60 ಯೂನಿಟ್ ಬಳಸುವ ಸುಮಾರು 6,000 ಮನೆಗಳಿಗೆ ಇಷ್ಟು ಸಾಕು.

ಇಷ್ಟೇ ವಿದ್ಯುತ್ತನ್ನು ರಾಯಚೂರು ಅಥವಾ ಬಳ್ಳಾರಿಯಲ್ಲಿರುವಂಥ ಶಾಖೋತ್ಪನ್ನ ಕೇಂದ್ರದಲ್ಲಿ ತಯಾರಿಸಲು ಸುಮಾರು 3,000 ಟನ್ ಕಲ್ಲಿದ್ದಲು ಸುಡಬೇಕು. ಆಗ ಹೊಗೆ, ಬೂದಿ, ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈ ಆಕ್ಸೈಡ್ ಎಲ್ಲ ಹೊರಬರುತ್ತವೆ. ಗಾಳಿಯಂತ್ರ ಓಡುವಾಗ ಇವು ಯಾವುವೂ ಇಲ್ಲ. ಗಾಳಿಗೆ ದುಡ್ಡು ಕೊಡಬೇಕಿಲ್ಲ, ಅದು ಮುಗಿದುಹೋಗುವುದೂ ಇಲ್ಲ. ಕಲ್ಲಿದ್ದಲು ಕೇಂದ್ರದಂತೆ ಯಂತ್ರ ತಂಪು ಮಾಡಲು ರಾಶಿ ನೀರೂ ಬೇಡ. ಕಡೂರಿನಂಥ ಬರದ ನಾಡಿಗೆ ಇದು ಸಣ್ಣ ಮಾತಲ್ಲ.

ಯಂತ್ರದ ಬುಡಕ್ಕೂ ಅದರ ದಾರಿಗೂ ಬೇಕಾದ ಜಾಗ ಬಿಟ್ಟು ಸುತ್ತಲಿನ ಹೊಲದಲ್ಲಿ ರಾಗಿ, ಈರುಳ್ಳಿ ಬೆಳೆಯಬಹುದು. ಜಮೀನು ಕೊಟ್ಟ ರೈತರಿಗೆ ಬೆಲೆಯೋ ಬಾಡಿಗೆಯೋ ಸಿಗುತ್ತದೆ.

ನಷ್ಟಗಳು

1. ನಂಬಿಕೆ ಇಡುವಂತಿಲ್ಲ: ಮಳೆಗಾಲದಲ್ಲಿ ರೆಕ್ಕೆಗಳು ಭರದಿಂದ ತಿರುಗುತ್ತವೆ. ಬೇರೆ ತಿಂಗಳುಗಳಲ್ಲಿ ಎಷ್ಟೋ ದಿನ ಸುಮ್ಮನೆ ನಿಂತಿರುತ್ತವೆ. ಗಾಳಿ ಬಂದಾಗಲೇ ತೂರಿಕೊಳ್ಳಬೇಕು! ಇದಕ್ಕೆ ಒಂದು ಉಪಾಯವಿದೆ. ಮಳೆಗಾಲದಲ್ಲಿ ಗಾಳಿ ವಿದ್ಯುತ್ತು ಬಳಸಿ, ಶರಾವತಿಯಂಥ ಜಲಾಶಯಗಳ ನೀರನ್ನು ಬೇಸಿಗೆಗೆ ಉಳಿಸಬಹುದು. ಹಗಲು ಪಾವಗಡದ ಸೌರ ವಿದ್ಯುತ್ತೂ ಜೊತೆಗೂಡುತ್ತದೆ. ದೊಡ್ಡ ಬ್ಯಾಟರಿಗಳೂ ಬರುತ್ತಿವೆ, ಆದರೆ ಅವು ದುಬಾರಿ.

2. ದಾರಿ ಮತ್ತು ಮರಗಳು: 50 ಮೀಟರ್ ಉದ್ದದ ರೆಕ್ಕೆಯನ್ನು ಹೊತ್ತ ಲಾರಿ ಹಳ್ಳಿಯ ತಿರುವಿನಲ್ಲಿ ಹೇಗೆ ತಿರುಗಬೇಕು? ದಾರಿ ಅಗಲ ಮಾಡಬೇಕಾಗುತ್ತದೆ. ಗುಡ್ಡದ ಮೇಲಾದರೆ ಮಣ್ಣು ಕಡಿದು ಹೊಸ ದಾರಿ ಮಾಡಬೇಕು. ಮರಗಳು ಹೋಗುತ್ತವೆ. ಮಳೆಗೆ ಮಣ್ಣು ಕೊಚ್ಚಿ ಕೆರೆ ಸೇರುತ್ತದೆ.

3. ಸದ್ದು ಮತ್ತು ನೆರಳು: ಮನೆಗಳಿಗೆ ತೀರಾ ಹತ್ತಿರವಿದ್ದರೆ 'ಸುಂಯ್ ಸುಂಯ್' ಸದ್ದು ರಾತ್ರಿ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ, ಸಂಜೆ ತಿರುಗುವ ರೆಕ್ಕೆಯ ನೆರಳು ಮನೆಯೊಳಗೆ ಬಂದು ಹೋಗಿ ಮಾಡುತ್ತದೆ.

4. ಹಕ್ಕಿಗಳು, ಬಾವಲಿಗಳು: ರೆಕ್ಕೆ ನಿಧಾನ ತಿರುಗುವಂತೆ ಕಾಣುತ್ತದೆ. ಆದರೆ ಲೆಕ್ಕ ಹಾಕಿ: 50 ಮೀಟರಿನ ರೆಕ್ಕೆಯ ತುದಿ ಒಂದು ಸುತ್ತಿಗೆ 314 ಮೀಟರ್ ಚಲಿಸುತ್ತದೆ. ನಿಮಿಷಕ್ಕೆ 15 ಸುತ್ತಾದರೆ ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚು! ಕೆಳಗೆ ಇಲಿ, ಹಾವು ಹುಡುಕುತ್ತಾ ಹಾರುವ ಹದ್ದಿಗೆ ಇದು ತಿಳಿಯುವುದಿಲ್ಲ.

ಇಲ್ಲೊಂದು ಅಧ್ಯಯನವನ್ನು ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮಹಾರಾಷ್ಟ್ರದ ಸಾತಾರಾ ಬಳಿಯ ಎತ್ತರದ ಬಯಲಿನಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಳಿಯಂತ್ರಗಳಿರುವ ಕಡೆ ಬೇಟೆಗಾರ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ ಇದ್ದವು. ಅವುಗಳ ಆಹಾರವಾದ ಓತಿಕ್ಯಾತಗಳು ಹೆಚ್ಚಿದ್ದವು. ಹೆಚ್ಚಿದ್ದರೂ ಸೊರಗಿದ್ದವು. ಶತ್ರುವಿನ ಭಯ ಕಡಿಮೆಯಾಗಿ, ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಮೇಲೆ ಹಾರುವ ಹಕ್ಕಿ ಕಡಿಮೆಯಾದರೆ ಕೆಳಗೆ ಹರಿಯುವ ಜೀವಿಯ ಬಾಳೂ ಬದಲಾಗುತ್ತದೆ. ಆಹಾರ ಸರಪಳಿ ಎಂದರೆ ಇದೇ.

5. ಹಳೆಯ ರೆಕ್ಕೆಗಳು: ಯಂತ್ರದ ಆಯುಷ್ಯ ಸುಮಾರು 20-25 ವರ್ಷ. ಕಂಬದ ಉಕ್ಕನ್ನು ಕರಗಿಸಿ ಮತ್ತೆ ಬಳಸಬಹುದು. ರೆಕ್ಕೆಗಳನ್ನು ಹಾಗೆ ಮರುಬಳಕೆ ಮಾಡುವುದು ಇನ್ನೂ ಕಷ್ಟ.

ಗಾಳಿಯಂತ್ರ ಮಳೆಯನ್ನು ಓಡಿಸುತ್ತದೆಯೇ?

'ಫ್ಯಾನು ಬಂದ ಮೇಲೆ ಮೋಡ ನಿಲ್ಲುವುದಿಲ್ಲ, ಮಳೆ ಹೋಯಿತು' ಎಂದು ಹಿರಿಯರು ಹೇಳುವುದನ್ನು ಕೇಳಿರಬಹುದು. ಬೆಳೆ ಒಣಗಿದಾಗ ಹುಟ್ಟುವ ಸಂಕಟದ ಮಾತು ಇದು. ನಗಬಾರದು, ವಿಚಾರ ಮಾಡಬೇಕು. ರೆಕ್ಕೆಯ ತುದಿ ಸುಮಾರು 200 ಮೀಟರ್ ಮೇಲಕ್ಕೆ ಮುಟ್ಟುತ್ತದೆ. ಮಳೆ ಸುರಿಸುವ ಮೋಡಗಳು ಅದಕ್ಕಿಂತ ಎಷ್ಟೋ ಮೇಲೆ, ಹಲವು ಕಿಲೋಮೀಟರ್ ದಪ್ಪಕ್ಕೆ ಹರಡಿರುತ್ತವೆ. ಮಾರುತವಂತೂ ಸಾವಿರಾರು ಕಿಲೋಮೀಟರ್ ವಿಸ್ತಾರದ್ದು. ಯಂತ್ರದ ಹಿಂದೆ ಗಾಳಿ ಕಲಕಿ ನೆಲದ ಹತ್ತಿರ ರಾತ್ರಿಯ ಉಷ್ಣತೆ ಸ್ವಲ್ಪ ವ್ಯತ್ಯಾಸವಾಗಬಹುದು. ಆದರೆ ಮೋಡಗಳನ್ನು ಓಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಕಡೂರಿನ ಬಯಲು ಮಳೆಯ ನೆರಳಿನಲ್ಲಿದ್ದದ್ದು ಯಂತ್ರಗಳು ಬರುವುದಕ್ಕೆ ಮೊದಲಿನಿಂದಲೂ. ಕಾರಣ ಗಿರಿಗಳು.

ಎಲ್ಲಿ ನಿಲ್ಲಿಸಬೇಕು?

ಲಾಭದ ಪಟ್ಟಿಯನ್ನೂ ನಷ್ಟದ ಪಟ್ಟಿಯನ್ನೂ ಮತ್ತೊಮ್ಮೆ ನೋಡಿ. ಲಾಭ ಯಂತ್ರ ಎಲ್ಲಿದ್ದರೂ ಸಿಗುತ್ತದೆ, ಗಾಳಿ ಇದ್ದರೆ ಸಾಕು. ನಷ್ಟದಲ್ಲಿ ಹೆಚ್ಚಿನವು ಯಂತ್ರ ಎಲ್ಲಿ ನಿಂತಿದೆ ಎಂಬುದರ ಮೇಲೆ ನಿಂತಿವೆ. ಇನ್ನೊಂದು ಮಾತು. ವಿದ್ಯುತ್ತು ಜಾಲಕ್ಕೆ ಸೇರಿ ದೂರದ ಪೇಟೆಗೂ ಹೋಗುತ್ತದೆ. ಸದ್ದು, ದಾರಿ, ಕಡಿದ ಮರ ಊರಿನಲ್ಲೇ ಉಳಿಯುತ್ತವೆ. ಆದ್ದರಿಂದ ಜಾಗ ಆರಿಸುವಾಗ ಊರಿನವರ ಮಾತು ಕೇಳುವುದು ನ್ಯಾಯ.

ನಮ್ಮ ಈ ನಾಡಿನಲ್ಲಿ ಅಮೃತ್ ಮಹಲ್ ದನಗಳು ಮೇಯುತ್ತಿದ್ದ ಹುಲ್ಲಿನ ಕಾವಲುಗಳಿವೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೋಡುವವರಿಗೆ ಅದು ಬರೀ ಬೀಳು ನೆಲದಂತೆ ಕಾಣಬಹುದು. ಆದರೆ ಜಿಂಕೆ, ತೋಳ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಅದೇ ಮನೆ. ಮರವಿಲ್ಲದ ಜಾಗವೆಲ್ಲ ಖಾಲಿ ಜಾಗವಲ್ಲ.

ನೀವೇ ಮಾಡಿ ನೋಡಿ

ತೆಂಗಿನ ಗರಿಯಿಂದಲೋ ದಪ್ಪ ಕಾಗದದಿಂದಲೋ ಒಂದು ಗಿರಗಿಟ್ಲೆ ಮಾಡಿ. ಒಂದು ರೆಕ್ಕೆಗೆ ಕೆಂಪು ಬಣ್ಣ ಹಚ್ಚಿ. ಅದನ್ನು ಉದ್ದನೆಯ ಕೋಲಿಗೆ ಸಿಕ್ಕಿಸಿ.

1. ಶಾಲೆಯ ಗೋಡೆಯ ಮರೆಯಲ್ಲಿ ನಿಂತು 15 ಸೆಕೆಂಡಿನಲ್ಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ. ಬಳಿಕ ಆಟದ ಮೈದಾನದ ನಡುವೆ ನಿಂತು ಎಣಿಸಿ.
2. ಕೋಲನ್ನು ಮೊದಲು ಮೊಣಕಾಲಿನ ಮಟ್ಟದಲ್ಲಿ ಹಿಡಿಯಿರಿ. ಆಮೇಲೆ ತಲೆಯ ಮೇಲೆ ಎತ್ತಿ ಹಿಡಿಯಿರಿ. ವ್ಯತ್ಯಾಸ ಬರೆದುಕೊಳ್ಳಿ.
3. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣಿಸಿ ಪಟ್ಟಿ ಮಾಡಿ. ಯಾವ ಹೊತ್ತಿನಲ್ಲಿ ಗಾಳಿ ಜೋರು?

ಎಚ್ಚರಿಕೆ: ನಿಜವಾದ ಗಾಳಿಯಂತ್ರದ ಬುಡಕ್ಕೆ, ಟ್ರಾನ್ಸ್‌ಫಾರ್ಮರ್ ಬಳಿಗೆ ಹೋಗಬೇಡಿ. ವಿದ್ಯುತ್ ತಂತಿಯ ಹತ್ತಿರ ಕೋಲು ಎತ್ತಬೇಡಿ. ಗುಡುಗು ಮಿಂಚು ಇದ್ದಾಗ ಮೈದಾನಕ್ಕೆ ಇಳಿಯಬೇಡಿ.

ತರಗತಿಯಲ್ಲೊಂದು ಗ್ರಾಮಸಭೆ

ನಿಮ್ಮ ಊರಿಗೆ ಒಂದು ಗಾಳಿಯಂತ್ರ ಬರಲಿದೆ ಎಂದುಕೊಳ್ಳಿ. ಮೂರು ಜಾಗಗಳಿವೆ: ಕೃಷ್ಣಮೃಗಗಳಿರುವ ಹುಲ್ಲಿನ ಕಾವಲು, ಗಾಳಿ ಎಲ್ಲಕ್ಕಿಂತ ಜೋರಾಗಿರುವ, ಆದರೆ ಮರಗಳಿರುವ, ದಾರಿಯಿಲ್ಲದ ಗುಡ್ಡ, ಊರಿನಿಂದ ಒಂದು ಕಿಲೋಮೀಟರ್ ದೂರದ, ಗಾಳಿ ಸ್ವಲ್ಪ ಕಡಿಮೆ ಇರುವ, ಈಗಾಗಲೇ ದಾರಿ ಇರುವ ಖುಷ್ಕಿ ಹೊಲ. ಕೆಲವರು ರೈತರಾಗಿ, ಕೆಲವರು ಎಂಜಿನಿಯರರಾಗಿ, ಒಬ್ಬರು ಕುರಿ ಕಾಯುವವರಾಗಿ, ಒಬ್ಬರು ಹದ್ದಾಗಿ ಮಾತಾಡಿ. ಕೊನೆಗೆ ಕೈ ಎತ್ತಿ ತೀರ್ಮಾನಿಸಿ. ನಿಮ್ಮ ತರಗತಿ ಯಾವ ಜಾಗ ಆರಿಸಿತು, ಏಕೆ ಎಂದು ಐದು ವಾಕ್ಯ ಬರೆದು ನಿಮ್ಮ ಮೇಷ್ಟರಿಗೋ ಮೇಡಂಗೋ ತೋರಿಸಿ.

ಉತ್ತರಿಸಿ

1. ಮನೆಯ ಫ್ಯಾನಿಗೂ ಗಾಳಿಯಂತ್ರಕ್ಕೂ ಏನು ವ್ಯತ್ಯಾಸ?
2. ಗಾಳಿಯ ವೇಗ ಮೂರು ಪಟ್ಟಾದರೆ ಶಕ್ತಿ ಎಷ್ಟು ಪಟ್ಟಾಗುತ್ತದೆ? (ಸುಳಿವು: 3 x 3 x 3)
3. ಕಡೂರಿನಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಏಕೆ?
4. ನಿಮ್ಮ ಮನೆಯ ಕರೆಂಟು ಬಿಲ್ ನೋಡಿ. ಕಳೆದ ತಿಂಗಳು ಎಷ್ಟು ಯೂನಿಟ್ ಬಳಸಿದ್ದೀರಿ? ಪಾಠದಲ್ಲಿ ಹೇಳಿದ ಒಂದು ಯಂತ್ರದಿಂದ ನಿಮ್ಮಂಥ ಎಷ್ಟು ಮನೆಗಳಿಗೆ ವಿದ್ಯುತ್ತು ಕೊಡಬಹುದು?